ಬಂಡೆಯ ಮೇಲೆ ಉಳಿದ ವಿಳಾಸ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರೂ ಕಡೆ ಅಶೋಕನ ಒಂದೇ ಶಾಸನವನ್ನು ಕೆತ್ತಲಾಗಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಈ ಶಾಸನ ಬ್ರಹ್ಮಗಿರಿಯಲ್ಲಿ ಶುರುವಾಗುವುದು ರಾಜನ ಮಾತಿನಿಂದಲ್ಲ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ಹಾರೈಸುವ ಮಾತಿನಿಂದ. ಅದು ಸಂದೇಶದ ಜತೆ ಬಂದ ಓಲೆಯ ಒಕ್ಕಣೆ, ಸಂದೇಶದೊಂದಿಗೆ ಅದೂ ಕಲ್ಲಿಗೇರಿತು. ಇದೇ ಶಾಸನದ ಮಸ್ಕಿಯ ಪ್ರತಿಯಲ್ಲಿ ಅದಿಲ್ಲ. ಇಸಿಲ ಎಂಬ ಊರಿನ ಹೆಸರು ಸಿಕ್ಕಿದ್ದೇ ಈ ಒಕ್ಕಣೆಯಿಂದ, ಆದ್ದರಿಂದ ಇತಿಹಾಸಕಾರರಿಗೆ ಅದು ನಿಧಿ. ಆದರೆ ಎಲ್ಲ ಊರಿಗೂ ಸಲ್ಲುವ ಮಾತು ಮತ್ತು ಒಂದೇ ಊರಿಗೆ ಸಲ್ಲುವ ವಿಳಾಸ ಬೆರೆತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಸಿಸ್ಟಮ್ ಅಡ್ಮಿನ್‌ಗಳು ಬರೆಯುವ ಕಮಾಂಡ್‌ಲೈನ್ ಸ್ಕ್ರಿಪ್ಟ್‌ಗಳ ಮುಖ್ಯ ದೋಷವೂ ಇದೇ. ಬ್ಯಾಕಪ್ ತೆಗೆಯುವ ಕ್ರಮ ಎಲ್ಲೆಡೆ ಒಂದೇ. ಫೋಲ್ಡರ್, ಸರ್ವರ್, ಬಳಕೆದಾರನ ಹೆಸರು ಮಾತ್ರ ಬೇರೆ. ಬದಲಾಗುವ ಇವೇ ಮೂರನ್ನು ನಡುಸಾಲಿನಲ್ಲಿ ಹುಗಿದಿಟ್ಟ ಸ್ಕ್ರಿಪ್ಟನ್ನು ಮರುಬಳಕೆಯದು ಎಂದು ಕರೆಯಲು ನಾನು ಒಪ್ಪುವುದಿಲ್ಲ.

ವಿಳಾಸವನ್ನು ಹೊರಗಿಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಅದು ಸಿಗದಿದ್ದಾಗ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ ತಂತ್ರಾಂಶದ ಸ್ಕ್ರಿಪ್ಟೊಂದು ಬಳಕೆದಾರರೊಬ್ಬರ ಫೈಲುಗಳನ್ನೆಲ್ಲ ಅಳಿಸಿಹಾಕಿತ್ತು. ಫೋಲ್ಡರ್‌ನ ಜಾಗ ಹುಡುಕುವ ಸಾಲು ಸೋತು, ಅದರ ಹೆಸರು ಖಾಲಿ ಉಳಿಯಿತು. ಖಾಲಿ ಹೆಸರಿನ ಮುಂದೆ ಓರೆಗೆರೆ ಸೇರಿದಾಗ ಅಳಿಸುವ ಆಜ್ಞೆಗೆ ಇಡೀ ಕಂಪ್ಯೂಟರಿನ ಮೂಲ ಫೋಲ್ಡರೇ ಗುರಿಯಾಯಿತು. ಆ ಸಾಲು ಭಯ ಹುಟ್ಟಿಸುವಂಥದ್ದು ಎಂದು ಬರೆದವರೇ ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದರು. ಅಪಾಯ ಗೊತ್ತಿತ್ತು, ತಡೆ ಇರಲಿಲ್ಲ. ಹೆಸರು ಖಾಲಿಯಿದ್ದರೆ ನಿಲ್ಲು ಎಂಬ ಒಂದೇ ಸಾಲು ಸಾಕಿತ್ತು.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರಿಗೆ ಇನ್ನೂ ಸೂಕ್ಷ್ಮವಾದ ತೊಡಕಿದೆ. ‘ದೇವಸಮುದ್ರ ಪಹಣಿ’ ಎಂಬ ಹೆಸರಿಗೆ ಉದ್ಧರಣ ಚಿಹ್ನೆ ಹಾಕದಿದ್ದರೆ ಶೆಲ್ ಅದನ್ನು ಎರಡು ಫೈಲು ಎಂದು ತಿಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ‘ದೇ’ಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಏತ್ವ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಎರಡಾಗಿ. ಮೊದಲ ರೀತಿಯಲ್ಲಿ ‘ದೇವಸಮುದ್ರ’ ಯುಟಿಎಫ್-8ರಲ್ಲಿ 27 ಬೈಟ್, ಎರಡನೆಯದರಲ್ಲಿ 30. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳನ್ನು ಹೋಲಿಸುವ ಸ್ಕ್ರಿಪ್ಟ್ ಮಾತ್ರ, ಕಣ್ಣೆದುರೇ ಇರುವ ಫೈಲನ್ನು ಇಲ್ಲವೆನ್ನುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದ ಸ್ಕ್ರಿಪ್ಟ್, ಇಂಗ್ಲಿಷ್ ಹೆಸರುಗಳ ಮೇಲೆ ಎಷ್ಟೇ ಸಲ ಗೆದ್ದಿದ್ದರೂ, ನಮ್ಮ ಕಚೇರಿಗೆ ಅಳವಡದು.

ಒಂದು ಸಲದ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ನಿಜ, ಒಂದೇ ಸಲ ಓಡಿ ಮುಗಿಯುವುದಕ್ಕೆ ಬೇಡ. ಆದರೆ ಹಾಗೆ ಬರೆದದ್ದೇ ದಿನಾ ಮಧ್ಯರಾತ್ರಿ ಓಡುವ ಕ್ರಾನ್ ಪಟ್ಟಿಗೆ ಸೇರುತ್ತದೆ, ಬರೆದವರು ವರ್ಗವಾದ ಮೇಲೂ ಓಡುತ್ತಲೇ ಇರುತ್ತದೆ. ಆನ್ಸಿಬಲ್‌ನಂಥ ಸಲಕರಣೆ ಇರುವಾಗ ಶೆಲ್ ಸ್ಕ್ರಿಪ್ಟ್ ಯಾಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹತ್ತಾರು ಸರ್ವರ್ ಇದ್ದಲ್ಲಿ ಅದನ್ನು ಪೂರಾ ಒಪ್ಪುತ್ತೇನೆ. ಅಲ್ಲಿ ವಿಳಾಸಗಳ ಪಟ್ಟಿ ಬೇರೆ, ಮಾಡಬೇಕಾದ ಕೆಲಸ ಬೇರೆ ಎಂಬ ವಿಂಗಡಣೆ ಮೊದಲೇ ಇದೆ. ಆದರೆ ಎರಡೇ ಕಂಪ್ಯೂಟರಿನ ಕಚೇರಿಗೆ ಶೆಲ್ಲೇ ಕೈಗೆಟಕುವುದು. ಆ ವಿಂಗಡಣೆಯನ್ನು ಅಲ್ಲಿ ಬರೆಯುವವರೇ ಮಾಡಬೇಕು. ಯಾವ ಫೋಲ್ಡರ್ ಮುಟ್ಟುತ್ತದೆ, ಏನನ್ನು ಅಳಿಸುತ್ತದೆ ಎಂಬುದನ್ನು ಮೊದಲ ನಾಲ್ಕು ಸಾಲಿನಲ್ಲಿ, ಮುಂದೆ ಬರುವ ಗುಮಾಸ್ತರು ಓದಿ ತಿಳಿಯುವ ಕನ್ನಡದಲ್ಲಿ ಬರೆದಿಡಬೇಕು.