ಅದ್ಭುತ ಕಥನದ ಕಟ್ಟಳೆ

ಅದ್ಭುತ ಕಥನದ ವಿಶ್ವಾಸಾರ್ಹತೆಯು ಮಾಯೆಗೆ ವಿಧಿಸಿದ ಕಟ್ಟಳೆಯಲ್ಲಿದೆ ಎಂಬುದಕ್ಕೆ ಎ.ಕೆ. ರಾಮಾನುಜನ್ ಸಂಗ್ರಹದ, ಹೂಮರವಾಗುವ ಹುಡುಗಿಯ ಕನ್ನಡ ಜನಪದ ಕಥೆಯು ಉತ್ತಮ ನಿದರ್ಶನ. ಒಂದು ಕೊಡ ನೀರಿಗೆ ಆಕೆ ಮರವಾಗುತ್ತಾಳೆ. ಮತ್ತೊಂದಕ್ಕೆ ಮರಳಿ ಹುಡುಗಿಯಾಗುತ್ತಾಳೆ. ಆದರೆ ನೀರಿಗೆ ಉಗುರು ಸೋಕಬಾರದು, ಹೂ ಬಿಡಿಸುವಾಗ ಕೊಂಬೆ ಮುರಿಯಬಾರದು. ನಾದಿನಿಯು ಕಟ್ಟಳೆ ಮೀರಿದಾಗ ಕೈಕಾಲಿಲ್ಲದ ದೇಹವಷ್ಟೇ ಉಳಿಯುತ್ತದೆ. ಮುಂದೆ ಪತಿಯು ಮುರಿದ ಕೊಂಬೆಗಳನ್ನು ಜೋಡಿಸಿದಾಗ ಆಕೆ ಪೂರ್ಣದೇಹ ಪಡೆಯುತ್ತಾಳೆ. ಗಿರೀಶ ಕಾರ್ನಾಡರ ಹಿಂದಿ ಚಿತ್ರ ‘ಚೆಲುವಿ’ (1992) ಇದೇ ಕಟ್ಟಳೆಯನ್ನು ಉಳಿಸಿಕೊಂಡು ಅಂತ್ಯವನ್ನು ಬದಲಿಸುತ್ತದೆ: ಕಾಡೇ ಕಡಿದುಹೋದ ಮೇಲೆ ಜೋಡಿಸಲು ಕೊಂಬೆಗಳಿಲ್ಲ. ಹೀಗೆ ದುರಂತವೂ ಕಥೆಯ ಒಳಗಿನ ನಿಯಮದಿಂದಲೇ ಹುಟ್ಟುತ್ತದೆ. ಇಂದಿನ ಅದ್ಭುತ ಕಥೆಗಾರರು ಜನಪದದಿಂದ ಮಾಯೆಯ ಪರಿಕರಗಳನ್ನು ಧಾರಾಳವಾಗಿ ಪಡೆದಿದ್ದಾರೆ; ಮಾಯೆಗೂ ಬೆಲೆ ತೆರಿಸುವ ಅದರ ನಿಷ್ಠುರತೆಯನ್ನು ಪಡೆಯುವುದು ಇನ್ನೂ ಬಾಕಿಯಿದೆ.