ಪಲೆರ್ಮೊದ ಕಸೂತಿ, ಶಹಾಬಾದದ ರಕಮು

ಇಟಾಲಿಯನ್ನಿನಲ್ಲಿ ‘ರಿಕಮಾರೆ’ ಎಂಬ ಕ್ರಿಯಾಪದವಿದೆ. ಕಸೂತಿ ಹಾಕು ಎಂದರ್ಥ. ನಡೆದದ್ದಕ್ಕೆ ಬಣ್ಣ ಕಟ್ಟಿ ಹೇಳುವುದಕ್ಕೂ ಆ ನಾಡಿನಲ್ಲಿ ಇದೇ ಮಾತು. ಮೊದಲಿನ ‘ರಿ’ ಇಟಾಲಿಯನ್ನಿನ ಚಿರಪರಿಚಿತ ಉಪಸರ್ಗದಂತೆ ಕಾಣುವುದರಿಂದ ಪದ ಲ್ಯಾಟಿನ್ ಮನೆತನದ್ದೆಂದೇ ತೋರುತ್ತದೆ. ಆದರೆ ಅದರ ತವರು ಅರಬ್ಬಿ. ಮೂಲಧಾತು ‘ರಕಮ’: ಗುರುತು ಹಾಕು, ಬರೆ, ಬಟ್ಟೆಯ ಮೇಲೆ ಚಿತ್ತಾರ ಮೂಡಿಸು.

ಕಲಬುರಗಿ ಸೀಮೆಯ ಶಹಾಬಾದ, ಚಿತ್ತಾಪುರ, ಸೇಡಂ ಕಡೆಯವರು ಈ ಧಾತುವಿನ ಇನ್ನೊಂದು ಕುಡಿಯನ್ನು ಬಲ್ಲರು. ಲೆಕ್ಕದ ವಹಿಯ ‘ರಕಮು’ ಅದೇ. ಹಾಕಿದ ಗುರುತು ಅಂಕಿಯಾಯಿತು, ಅಂಕಿ ಮೊತ್ತವಾಯಿತು, ಮೊತ್ತವೇ ಹಣವಾಯಿತು. ಫಾರಸಿ ಕಚೇರಿಗಳಲ್ಲಿ ಅರಬ್ಬಿ ಸಂಖ್ಯಾಪದಗಳನ್ನು ಮೊಟಕುಗೊಳಿಸಿ ಬರೆಯುತ್ತಿದ್ದ ಲೆಕ್ಕದ ಲಿಪಿಗೂ ‘ರಕಮ್’ ಎಂದೇ ಹೆಸರಿತ್ತು. ಲೆಕ್ಕದ ಒಂದೊಂದು ಬಾಬೂ ರಕಮು ಎನಿಸಿಕೊಂಡ ಮೇಲೆ ‘ನಾನಾ ರಕಮಿನ ಬಟ್ಟೆ’ ಎನ್ನುವಲ್ಲಿ ಬಗೆ ಎಂಬ ಅರ್ಥವೂ ಕೂಡಿಕೊಂಡಿತು.

ಇಟಲಿಯ ಸಿಸಿಲಿ ದ್ವೀಪಕ್ಕೆ ಅರಬರು ಇಳಿದದ್ದು 827ರಲ್ಲಿ. ಆಗ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆ. ಮುಂದಿನ ಶತಮಾನದ ಅರಬ್ ಲೇಖಕ ಅಲ್ ಮಸೂದಿ ಈ ಮಳಖೇಡವನ್ನೇ, ಅಂದರೆ ಅಂದಿನ ಮಾನ್ಯಖೇಟವನ್ನು, ‘ಮಾಂಕೀರ್’ ಎಂದು ಬರೆದ. ಅರಬ್ಬಿಗೆ ಸಿಸಿಲಿಯೂ ಗೊತ್ತು, ಮಳಖೇಡದ ಕಾಗಿಣಾ ನದಿಯ ತೀರವೂ ಗೊತ್ತು. ಆದರೂ ಸಿಸಿಲಿಯ ನಂಟು ಮಗ್ಗ, ಸೂಜಿಗಳದ್ದು. ನಮ್ಮ ರಕಮು ಬಂದದ್ದು ದಫ್ತರದ ದಾರಿಯಿಂದ. 1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾದಂದಿನಿಂದ 1948ರಲ್ಲಿ ನಿಜಾಮರ ಆಡಳಿತ ಮುಗಿಯುವ ತನಕ ಇಲ್ಲಿನ ದಫ್ತರಗಳಲ್ಲಿ ಫಾರಸಿ, ಕಡೆಗೆ ಉರ್ದು ಬಳಕೆಯಲ್ಲಿದ್ದವು.

ಸಿಸಿಲಿಯ ಸೂಜಿಗೆ ಸಾಕ್ಷಿ ಬೇಕೆಂದರೆ ಅಲ್ಲಿನ ದೊರೆ ಎರಡನೇ ರೋಜರನ ನಿಲುವಂಗಿಯಿದೆ. ಕೆಂಪು ರೇಷ್ಮೆ, ಬಂಗಾರದ ಎಳೆ, ಮುತ್ತು. ಒಂಟೆಗಳ ಮೇಲೆರಗಿದ ಸಿಂಹಗಳು. 1133–34ರಲ್ಲಿ ಸಿಸಿಲಿಯ ಪಲೆರ್ಮೊದ ಅರಮನೆಯ ಕಮ್ಮಟದಲ್ಲಿ ತಯಾರಾದದ್ದು. ತೊಟ್ಟವನು ಕ್ರೈಸ್ತ ದೊರೆ, ಅಂಚಿನಲ್ಲಿ ಕಸೂತಿಯಾಗಿರುವುದು ಅರಬ್ಬಿ ಬರಹ. ಬರೆ, ಕಸೂತಿ ಹಾಕು ಎಂಬ ಎರಡೂ ಅರ್ಥ ಅಲ್ಲಿ ಒಂದೇ ಎಳೆಯಲ್ಲಿವೆ. ಆ ನಿಲುವಂಗಿ ಈಗ ವಿಯೆನ್ನಾದ ರಾಜಭಂಡಾರದಲ್ಲಿದೆ.

ಇಟಾಲಿಯನ್ನರು ಧಾತುವಿಗೆ ‘ಆರೆ’ ಹಚ್ಚಿ ಕ್ರಿಯಾಪದ ಮಾಡಿಕೊಂಡರು. ನಮ್ಮಲ್ಲೂ ಆ ಕೆಲಸಕ್ಕೆ ‘ಇಸು’ ಇದೆ: ಜಮಾ ಜಮಾಯಿಸು ಆಯಿತು, ರವಾನೆ ರವಾನಿಸು ಆಯಿತು. ರಕಮು ಮಾತ್ರ ನಾಮಪದವಾಗಿಯೇ ಉಳಿಯಿತು. ಎಣಿಸು, ಬರೆ ಎನ್ನಲು ಕನ್ನಡಕ್ಕೆ ಸ್ವಂತ ಕ್ರಿಯಾಪದಗಳಿದ್ದವು. ಕಚೇರಿಯಿಂದ ಬೇಕಾದದ್ದು ಹೆಸರಷ್ಟೇ. ಎರವಲು ತಂದ ಪದದಲ್ಲೂ ತನಗೆ ಬೇಕಾದಷ್ಟನ್ನೇ ಆಯ್ದುಕೊಳ್ಳುವುದು ಭಾಷೆಯ ವಿವೇಕ.

ಶಹಾಬಾದದ ಹಾಸುಗಲ್ಲಿನ ವ್ಯಾಪಾರದವರ, ಹಳೆಯ ಗೌಡ, ಕುಲಕರ್ಣಿ ಮನೆತನದವರ ಅಟ್ಟಗಳಲ್ಲಿ ಇಂಥ ಪದಗಳಿರುವ ವಹಿಗಳು ಇದ್ದಾವು. ದಯವಿಟ್ಟು ರದ್ದಿಗೆ ಹಾಕಬೇಡಿ. ಓದಬಲ್ಲ ಹಿರಿಯರನ್ನು ಕೂರಿಸಿಕೊಂಡು ಅರ್ಥ ಬರೆದಿಡಿ.