ಇಲಿಯ ಒಳಮಾತು, ಕುಬ್ಜನ ಮೌನ

ಒಂದು ಕಾದಂಬರಿಯ ಖಳನೇ ಅದರ ಅತ್ಯುತ್ತಮ ಪಾತ್ರ ಎಂದು ಬಹುಪಾಲು ಓದುಗರು ಹೇಳಿದರೆ ಅದನ್ನು ಕಾದಂಬರಿಯ ಗೆಲುವು ಅನ್ನಬೇಕೋ, ಸೋಲು ಅನ್ನಬೇಕೋ? ವಿಲಿಯಂ ಕಿಂಗ್ ಬರೆದ 'ಸ್ಕೇವನ್‌ಸ್ಲೇಯರ್' (1999) ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಯ ಬಗ್ಗೆ ಓದುಗರು ಆಡುವ ಮಾತುಗಳನ್ನು ಗಮನಿಸುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. ಜನಪ್ರಿಯ ಸಾಹಿತ್ಯವನ್ನು ಓದುಗರು ಹೇಗೆ ಸ್ವೀಕರಿಸುತ್ತಾರೆ ಎಂಬುದು ನನ್ನ ಸಂಶೋಧನೆಯ ಒಂದು ಭಾಗ. ಹಾಗಾಗಿ ಓದುಗರ ಮೆಚ್ಚುಗೆ ಮತ್ತು ಗೊಣಗಾಟ ಎರಡನ್ನೂ ವಿಮರ್ಶೆಯಷ್ಟೇ ಗಂಭೀರವಾಗಿ ಓದುವುದು ನನಗೆ ಅಭ್ಯಾಸವಾಗಿದೆ.

ಮೊದಲು ಹಿನ್ನೆಲೆ. 'ವಾರ್‌ಹ್ಯಾಮರ್' ಎಂಬುದು 1983ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಹೊರತಂದ, ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಯುದ್ಧದ ಆಟ. ಆ ಆಟದ ಲೋಕದಲ್ಲಿ ನಡೆಯುವ ಕತೆಗಳನ್ನು ಅದೇ ಸಂಸ್ಥೆಯ ಬ್ಲ್ಯಾಕ್ ಲೈಬ್ರರಿ ಪ್ರಕಟಿಸುತ್ತದೆ. ಈ ಕಾದಂಬರಿಯಲ್ಲಿ ಇಬ್ಬರು ನಾಯಕರಿದ್ದಾರೆ. ಒಬ್ಬ ಗಾಟ್ರೆಕ್, ಬಾಯಿಬಿಟ್ಟು ಹೇಳದ ಯಾವುದೋ ಕಳಂಕವನ್ನು ತೊಳೆದುಕೊಳ್ಳಲು ಯುದ್ಧದಲ್ಲೇ ಸಾಯುವ ವ್ರತ ತೊಟ್ಟ ಕುಬ್ಜ. ಇನ್ನೊಬ್ಬ ಫೀಲಿಕ್ಸ್, ಕುಡಿದ ಅಮಲಿನಲ್ಲಿ ಅವನ ಸಾವನ್ನು ಮಹಾಕಾವ್ಯವಾಗಿ ಬರೆಯುತ್ತೇನೆಂದು ಮಾತುಕೊಟ್ಟು ಸಿಕ್ಕಿಬಿದ್ದ ಕವಿ. ಹಳೆಯ ಜರ್ಮನಿಯನ್ನು ನೆನಪಿಸುವ ನುಲ್ನ್ ಎಂಬ ನಗರದ ಚರಂಡಿಗಳಲ್ಲಿ ಕಾವಲಿನ ಕೆಲಸ ಮಾಡುವಾಗ ಅವರಿಗೆ ಸ್ಕೇವನ್‌ಗಳು, ಅಂದರೆ ಇಲಿಮಾನವರು, ಎದುರಾಗುತ್ತಾರೆ. ಅವರ ಮುಂದಾಳು ಥಾನ್‌ಕ್ವಾಲ್ ಎಂಬ ಮಂತ್ರವಾದಿ.

ಈ ಥಾನ್‌ಕ್ವಾಲ್‌ನ ಬಗ್ಗೆ ಓದುಗರ ಮಾತು ಹೆಚ್ಚುಕಡಿಮೆ ಮೂರು ಬಗೆಯದು. ಪುಸ್ತಕ ಎತ್ತಿಕೊಂಡದ್ದು ಕುಬ್ಜನಿಗಾಗಿ, ಮುಗಿಸಿದ್ದು ಇಲಿಗಾಗಿ ಎನ್ನುವವರು ಮೊದಲನೆಯವರು. ಇಂಥ ಪೆದ್ದ ಶತ್ರುವಿನಿಂದ ನಾಯಕರಿಗೆ ಯಾವ ಅಪಾಯ, ಇದು ಯುದ್ಧದ ಕತೆಯೋ ಪ್ರಹಸನವೋ ಎಂದು ಕೇಳುವವರು ಎರಡನೆಯವರು. ಇಲಿಗಳ ಒಂದೊಂದೇ ಕುಲ ಸರದಿಯಲ್ಲಿ ಬಂದು ಸೋತುಹೋಗುತ್ತದೆ, ಹೆಣಿಗೆ ಏಕತಾನವಾಗಿದೆ ಎನ್ನುವವರು ಮೂರನೆಯವರು.

ಮೂರನೆಯ ದೂರನ್ನು ನಾನು ಒಪ್ಪುತ್ತೇನೆ. ಬಿಡಿ ಸಾಹಸಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಕತೆ ಸಾಗುತ್ತದೆ. ಆದರೆ ಆ ದಾರವೇ ಕಾದಂಬರಿಯ ಅತ್ಯಂತ ಜಾಣ ಕಲ್ಪನೆಯೂ ಹೌದು. ನಗರವನ್ನು ವಶಪಡಿಸಿಕೊಳ್ಳಲು ಬಂದ ಇಲಿಕುಲಗಳ ನಡುವೆ ಪೈಪೋಟಿ. ಕೀರ್ತಿ ಬೇರೆಯವರ ಪಾಲಾದೀತೆಂಬ ಹೊಟ್ಟೆಕಿಚ್ಚಿನಲ್ಲಿ ಥಾನ್‌ಕ್ವಾಲ್ ತನ್ನ ಪ್ರತಿಸ್ಪರ್ಧಿಗಳ ಸಂಚನ್ನು ಹೆಸರಿಲ್ಲದ ಪತ್ರಗಳ ಮೂಲಕ ತನ್ನ ಶತ್ರುಗಳಾದ ಗಾಟ್ರೆಕ್ ಮತ್ತು ಫೀಲಿಕ್ಸ್‌ಗೇ ತಿಳಿಸುತ್ತಾನೆ. ಅವರು ಹೋಗಿ ಆ ಕುಲವನ್ನು ಸದೆಬಡಿಯುತ್ತಾರೆ. ಸ್ವಪಕ್ಷವನ್ನು ತಾನೇ ಸೋಲಿಸಿ, ಸೋಲಿಗೆ ಅಧೀನರ ಅಯೋಗ್ಯತೆಯೇ ಕಾರಣವೆಂದು ಅವನು ಮನಸಾರೆ ನಂಬುತ್ತಾನೆ.

ಇದು ನಗು ತರಿಸುವುದು ಹೇಗೆ ಎಂದು ನೋಡಿದರೆ ಓದುಗರ ಒಲವಿನ ಗುಟ್ಟೂ ತಿಳಿಯುತ್ತದೆ. ಕಾದಂಬರಿ ನಮ್ಮನ್ನು ಥಾನ್‌ಕ್ವಾಲ್‌ನ ತಲೆಯೊಳಗೆ ಕೂರಿಸುತ್ತದೆ. ಅವನ ಪುಕ್ಕಲುತನ, ಅದಕ್ಕೆ ಅವನು ಕೊಟ್ಟುಕೊಳ್ಳುವ ಉದಾತ್ತ ಕಾರಣ, ಹಿಂಬದಿಯಲ್ಲಿ ನಿಂತು ಮುನ್ನಡೆಸುವುದೇ ನಾಯಕತ್ವ ಎಂಬ ಅವನ ತರ್ಕ ಎಲ್ಲವೂ ಅವನ ಒಳಮಾತಿನಲ್ಲೇ ನಮಗೆ ಕೇಳಿಸುತ್ತವೆ. ಗಾಟ್ರೆಕ್‌ನ ಮನಸ್ಸಿಗೆ ಮಾತ್ರ ನಮಗೆ ಪ್ರವೇಶವಿಲ್ಲ. ಅವನು ಫೀಲಿಕ್ಸ್ ಕಂಡಂತೆಯೇ ನಮಗೂ ಕಾಣುವ ಕೊಡಲಿ, ಗೊಣಗು ಮತ್ತು ಮೌನ. ವೀರ ಅಪರಿಚಿತನಾಗಿಯೇ ಉಳಿದು ಖಳ ಆಪ್ತನಾಗುವುದು ಈ ಹಂಚಿಕೆಯಿಂದಲೇ.

ಖಳನನ್ನು ಹತ್ತಿರ ತರುವುದು ಕನ್ನಡದ ಓದುಗರಿಗೆ ಹೊಸದಲ್ಲ. ನಾಗಚಂದ್ರನ ರಾವಣ, ರನ್ನನ ದುರ್ಯೋಧನ ನಮ್ಮ ಮನಸ್ಸನ್ನು ಗೆದ್ದವರೇ. ಆದರೆ ಅವರು ಗೆಲ್ಲುವುದು ದೊಡ್ಡತನದಿಂದ. ಬೀಳುವಾಗಲೂ ಅವರು ನಮಗಿಂತ ಎತ್ತರದವರು. ಥಾನ್‌ಕ್ವಾಲ್ ಗೆಲ್ಲುವುದು ಸಣ್ಣತನದಿಂದ. ಸಹೋದ್ಯೋಗಿಯ ಬಡ್ತಿಗೆ ಕರುಬುವ, ಮೇಲಿನವರ ಮುಂದೆ ಬಾಲ ಮುದುರಿ ಕೆಳಗಿನವರ ಮೇಲೆ ಹಾರಾಡುವ ಅವನನ್ನು ನಾವು ಎಷ್ಟೋ ಕಚೇರಿಗಳಲ್ಲಿ ನೋಡಿದ್ದೇವೆ. ಪ್ರಾಮಾಣಿಕವಾಗಿ ಹುಡುಕಿದರೆ ನಮ್ಮೊಳಗೂ ಸಿಗಬಹುದು. ಗುರುತು ಹತ್ತಿದ್ದಕ್ಕೇ ನಗು ಬರುತ್ತದೆ.

ಹೀಗಾಗಿ ಎರಡನೆಯ ಬಗೆಯ ಓದುಗರ ದೂರು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇಲಿಗಳು ಸಾಕಷ್ಟು ಭಯಂಕರವಾಗಿಲ್ಲ ಎಂಬುದು ಅವರ ಕೊರಗು. ಭಯಂಕರವಾಗಿಯಷ್ಟೇ ಚಿತ್ರಿಸಿದ್ದರೆ ಏನಾಗುತ್ತಿತ್ತು? ನಗರದ ಅಡಿಯಲ್ಲಿ ಅಡಗಿರುವ, ರೋಗ ಹರಡುವ, ಮಿತಿಯಿಲ್ಲದೆ ಸಂತಾನ ಬೆಳೆಸುವ, ಹುಟ್ಟಿನಿಂದಲೇ ಕೆಟ್ಟ ಒಂದು ಜನಾಂಗ ಎಂಬ ಚಿತ್ರ ಮುಗ್ಧವಾದದ್ದಲ್ಲ. 1940ರ ನಾಜಿ ಪ್ರಚಾರ ಚಿತ್ರ 'ದೆರ್ ಎವಿಗೆ ಯೂಡೆ' ಯಹೂದಿಗಳನ್ನು ಇಲಿಗಳ ಹಿಂಡಿಗೆ ಹೋಲಿಸಿತ್ತು. ಮನುಷ್ಯರನ್ನು ಇಲಿ, ಹುಳ ಎಂದು ಕರೆದಾಗ ಅವರನ್ನು ಕೊಲ್ಲುವುದು ಸ್ವಚ್ಛತೆಯ ಕೆಲಸದಂತೆ ಕಾಣತೊಡಗುತ್ತದೆ. ಕಿಂಗ್ ಅವರ ಕಾದಂಬರಿಗೆ ಅಂಥ ಉದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ. ಹುಟ್ಟಾ ದುಷ್ಟ ಜನಾಂಗ ಎಂಬ ಕಲ್ಪನೆಯನ್ನು ಎತ್ತಿಕೊಂಡ ಪ್ರತಿ ಫ್ಯಾಂಟಸಿಯೂ ಈ ಭಾರವನ್ನು ಹೊರಬೇಕಾಗುತ್ತದೆ ಎಂಬುದಷ್ಟೇ ನನ್ನ ಮಾತು. ಟೋಲ್ಕಿನ್ ಅವರಿಗೂ ತಮ್ಮ ಆರ್ಕ್‌ಗಳ ಹುಟ್ಟಿನ ಬಗ್ಗೆ, ಅವುಗಳಿಗೆ ವಿಮೋಚನೆ ಇದೆಯೇ ಎಂಬುದರ ಬಗ್ಗೆ ಕೊನೆಯವರೆಗೂ ಸಮಾಧಾನದ ಉತ್ತರ ಸಿಗಲಿಲ್ಲ.

ಈ ಭಾರದ ಎದುರು ಥಾನ್‌ಕ್ವಾಲ್‌ನ ಒಳಮಾತು ಒಂದು ಸಣ್ಣ ಔಷಧಿಯಂತೆ ಕೆಲಸ ಮಾಡುತ್ತದೆ. ಮನಸ್ಸು ಇರುವವನನ್ನು ಬರೀ ಕ್ರಿಮಿ ಎಂದು ನೋಡುವುದು ಕಷ್ಟ. ಅವನು ಕೆಟ್ಟವನೇ, ಆದರೆ ಅವನ ಕೆಟ್ಟತನಕ್ಕೆ ಭಯ, ಆಸೆ, ಅಸೂಯೆಗಳೆಂಬ ನಮಗೆ ತಿಳಿದ ಕಾರಣಗಳಿವೆ. ತನಗೆ ಇಷ್ಟವಾದದ್ದು ಇಲಿಯೇ ಎಂದು ಓದುಗ ಹೇಳುವಾಗ, ಹುಟ್ಟಿನಿಂದಲೇ ದುಷ್ಟರು ಎಂಬ ಆಟದ ಮೂಲ ನಿಯಮವನ್ನು ಅವನು ತನಗರಿವಿಲ್ಲದೆಯೇ ಸಡಿಲಿಸಿರುತ್ತಾನೆ.

ಆದರೆ ಔಷಧಿಯ ಪ್ರಮಾಣ ಸಾಲದು. ಕೊನೆಯಲ್ಲಿ ನಗರದ ಮೇಲೆ ದೊಡ್ಡ ದಾಳಿ ನಡೆಯುವಾಗ ಥಾನ್‌ಕ್ವಾಲ್ ಪಾರಾಗುತ್ತಾನೆ. ಸಾಯುವುದು ಹೆಸರಿಲ್ಲದ ಇಲಿಗಳ ರಾಶಿ. ಅವರಿಗೂ ಒಳಮಾತು ಇತ್ತೇನೋ ಎಂಬ ಅನುಮಾನವನ್ನು ನಮ್ಮಲ್ಲಿ ಬಿತ್ತಿದ ಕಾದಂಬರಿಯೇ ಆ ಅನುಮಾನದ ಮೇಲೆ ಗಾಟ್ರೆಕ್‌ನ ಕೊಡಲಿ ಬೀಸುತ್ತದೆ. ಮೂರೂ ಬಗೆಯ ಓದುಗರಲ್ಲಿ ಈ ರಾಶಿಯ ಬಗ್ಗೆ ಮಾತಾಡಿದವರನ್ನು ನಾನು ಕಂಡಿಲ್ಲ. ಕಾದಂಬರಿಯ ಬಗ್ಗೆ ನನ್ನ ದೊಡ್ಡ ತಕರಾರು ಇದೊಂದೇ.

ಓದುಗರ ಒಲವು ವ್ಯರ್ಥವಾಗಲಿಲ್ಲ. 2009ರಿಂದ 2011ರ ನಡುವೆ ಸಿ. ಎಲ್. ವರ್ನರ್ ಬರೆದ ಮೂರು ಕಾದಂಬರಿಗಳಲ್ಲಿ ಥಾನ್‌ಕ್ವಾಲ್‌ನೇ ಕೇಂದ್ರ. ಮೂರನೆಯದರಲ್ಲಿ ಅವನು ಕುಬ್ಜರ ಕೋಟೆಯವರ ವಿರುದ್ಧವೇ ನಿಲ್ಲುತ್ತಾನೆ. ಖಳನಾಗಿ ಹುಟ್ಟಿದ ಪಾತ್ರ ಓದುಗರ ನಗುವಿನ ಬಲದಿಂದ ಕತೆಯ ನಡುಮನೆಗೆ ಬಂದು ಕೂತಿದೆ ಎನ್ನಬಹುದು. 'ಸ್ಕೇವನ್‌ಸ್ಲೇಯರ್' ಓದಲು ಹೊರಟವರಿಗೆ ನನ್ನ ಸಲಹೆ ಇಷ್ಟೇ: ಧಾರಾಳವಾಗಿ ನಗಿ, ಆದರೆ ಗೆಲುವಿನ ಪುಟಗಳನ್ನು ಓದುವಾಗ ಸ್ವಲ್ಪ ನಿಧಾನಿಸಿ. ಅಲ್ಲಿ ಸತ್ತು ಬಿದ್ದವರು ಯಾರೆಂದು ಕಾದಂಬರಿ ಕೇಳುವುದಿಲ್ಲ. ಓದುಗರಾದರೂ ಕೇಳಬಹುದು.